ಕಾಂತೀಯ ಪದರವು ಅತಿವಾಹಕತೆಯನ್ನು ಕುಗ್ಗಿಸುವ ಬಗೆಯನ್ನು ಪರೀಕ್ಷಿಸುವ ಕ್ರಮ

ಅತಿವಾಹಕ ಲೋಹವಾದ ನಯೋಬಿಯಂನ ತೆಳುಪದರದ ಮೇಲೆ ಕಾಂತೀಯ ಲೋಹವಾದ ಕೋಬಾಲ್ಟ್ ಕೂಡಿಸಿದಾಗ ಸಂಕ್ರಮಣ ತಾಪ (ಯಾವ ತಾಪಕ್ಕಿಂತ ಕೆಳಗೆ ವಿದ್ಯುತ್ ರೋಧ ಇಲ್ಲವಾಗಿ ಅತಿವಾಹಕತೆ ತಲೆದೋರುತ್ತದೋ ಅದು) ಇಳಿದರೆ, ಇಳಿಸಿದ್ದು ಕಾಂತತ್ವವೇ ಎಂದು ಬರೆದುಬಿಡುವ ಆತುರವನ್ನು ಧಾರವಾಡದ ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಹಲವು ಸಲ ಕಂಡಿದ್ದೇನೆ. ಆ ಇಳಿಕೆಗೆ ಬೇರೆ ಕಾರಣಗಳೂ ಇರುತ್ತವೆ. ಅವನ್ನು ಬೇರ್ಪಡಿಸುವಂತೆ ಮಾದರಿಗಳನ್ನು ಮೊದಲೇ ಯೋಜಿಸಿಕೊಳ್ಳಬೇಕು.

ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಪರಸ್ಪರ ವಿರುದ್ಧ ಸ್ಪಿನ್ (ಎಲೆಕ್ಟ್ರಾನನ್ನು ಪುಟ್ಟ ಕಾಂತದಂತೆ ಮಾಡುವ ಗುಣ) ಹೊತ್ತು ಕೂಪರ್ ಜೋಡಿಗಳಾಗಿ ಚಲಿಸುತ್ತವೆ. ಕೋಬಾಲ್ಟಿನ ವಿನಿಮಯ ಕ್ಷೇತ್ರವು, ಅಂದರೆ ಕಾಂತೀಯ ಲೋಹದೊಳಗೆ ಸ್ಪಿನ್ನುಗಳನ್ನು ಸಾಲುಗೂಡಿಸುವ ಪ್ರಭಾವವು, ಎರಡೂ ಸ್ಪಿನ್ನುಗಳನ್ನು ಒಂದೇ ದಿಕ್ಕಿಗೆ ಎಳೆಯುವುದರಿಂದ, ಶುದ್ಧ ತಾಮ್ರದೊಳಗೆ ನೂರಾರು ನ್ಯಾನೋಮೀಟರ್ ಸಾಗಬಲ್ಲ ಜೋಡಿಗಳು ಇಲ್ಲಿ ಕೆಲವೇ ನ್ಯಾನೋಮೀಟರುಗಳಲ್ಲಿ ಒಡೆಯುತ್ತವೆ.

ದಪ್ಪ ನಯೋಬಿಯಂ ತುಂಡಿನ ಸಂಕ್ರಮಣ ತಾಪ ಸುಮಾರು 9.2 ಕೆಲ್ವಿನ್. ಪದರ ತೆಳುವಾದಷ್ಟೂ ಅದು ತಾನಾಗಿಯೇ ತಗ್ಗುತ್ತದೆ. ಆಮ್ಲಜನಕ ಸೇರಿದರಂತೂ ಪರಮಾಣುಗಳ ಲೆಕ್ಕದಲ್ಲಿ ಪ್ರತಿ ಶೇಕಡಾ ಒಂದಕ್ಕೆ ಹೆಚ್ಚುಕಡಿಮೆ 0.9 ಕೆಲ್ವಿನ್ ಕುಸಿಯುತ್ತದೆ. ಆದುದರಿಂದ ಸ್ಪಟರಿಂಗ್ (ಅಯಾನುಗಳ ಬಡಿತದಿಂದ ಲೋಹ ಚಿಮ್ಮಿಸಿ ಪದರ ಕೂರಿಸುವ) ಕೋಶದ ನಿರ್ವಾತವನ್ನು ಮುರಿಯದೆ ಒಂದೇ ಸರದಿಯಲ್ಲಿ ನಾಲ್ಕು ಮಾದರಿಗಳನ್ನು ಮಾಡಿರಿ: ಬರಿಯ ನಯೋಬಿಯಂ, ಕಾಂತೀಯವಲ್ಲದ ಲೋಹ ಎಷ್ಟು ಇಳಿಸುತ್ತದೆಂದು ತಿಳಿಯಲು ತಾಮ್ರ ಕೂಡಿಸಿದ್ದು, ಕೋಬಾಲ್ಟ್ ಕೂಡಿಸಿದ್ದು, ಮತ್ತು ಕೋಬಾಲ್ಟಿಗೂ ನಯೋಬಿಯಂಗೂ ನಡುವೆ ಕೆಲವು ನ್ಯಾನೋಮೀಟರ್ ಅಲ್ಯೂಮಿನಿಯಂ ಆಕ್ಸೈಡ್ ಇಟ್ಟದ್ದು. ಕೊನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು: ಆಕ್ಸೈಡನ್ನು ಜೋಡಿಗಳು ದಾಟಲಾರವು, ಆದರೆ ಕೋಬಾಲ್ಟಿನಿಂದ ಹೊರಸೂಸುವ ಕಾಂತಕ್ಷೇತ್ರ ದಾಟುತ್ತದೆ. ಧಾರವಾಡದ ಮಳೆಗಾಲದ ತೇವ ಒಂದು ವಾರದಲ್ಲೇ ಮೇಲ್ಮೈ ಕೆಡಿಸಬಹುದಾದ್ದರಿಂದ, ಎಲ್ಲಕ್ಕೂ ರಕ್ಷಣಾ ಪದರ ಹೊದಿಸಿ ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿಡಿ.

ನಯೋಬಿಯಂ 20ರಿಂದ 30 ನ್ಯಾನೋಮೀಟರ್ ಇರಲಿ. ಅದಕ್ಕಿಂತ ಬಹಳ ದಪ್ಪವಾದರೆ ಪರಿಣಾಮ ಮಸುಕಾಗುತ್ತದೆ. ಕೋಬಾಲ್ಟಿನ ದಪ್ಪವನ್ನು ಹಂತಹಂತವಾಗಿ ಹೆಚ್ಚಿಸಿದಾಗ ಸಂಕ್ರಮಣ ತಾಪ ಒಂದೇ ಸಮನೆ ಇಳಿಯದೆ, ತಗ್ಗಿ ತುಸು ಮೇಲೇಳಬಹುದು. ಇದನ್ನು ಕಂಡು ಅಳತೆ ತಪ್ಪಿತೆಂದು ಬಿಂದುಗಳನ್ನು ಅಳಿಸಬೇಡಿ. ಕಾಂತೀಯ ಲೋಹದಲ್ಲಿ ಜೋಡಿಯ ತರಂಗ ಕ್ಷೀಣಿಸುತ್ತಲೇ ಧನ–ಋಣಗಳ ನಡುವೆ ತೂಗಾಡುತ್ತದೆ. ಭೌತವಿಜ್ಞಾನಿ ರಿಯಾಜಾನೋವ್ ಮತ್ತು ಸಂಗಡಿಗರು 2001ರಲ್ಲಿ ಎರಡು ಅತಿವಾಹಕಗಳ ನಡುವೆ ತಾಮ್ರ–ನಿಕ್ಕಲ್ ಮಿಶ್ರಲೋಹವನ್ನಿಟ್ಟ ಸಂಧಿಗಳಲ್ಲಿ ತೋರಿಸಿದ ಪೈ ಸ್ಥಿತಿಯ (ಎರಡು ಬದಿಯ ತರಂಗಗಳ ಚಿಹ್ನೆ ಪರಸ್ಪರ ವಿರುದ್ಧವಾಗಿರುವ ಸ್ಥಿತಿಯ) ಮೂಲವೂ ಇದೇ.

ರೋಧವನ್ನು ನಾಲ್ಕು ತಂತಿಗಳ ವಿಧಾನದಿಂದ, ಮಾದರಿ ಬಿಸಿಯಾಗದಷ್ಟು ಕಡಿಮೆ ವಿದ್ಯುತ್ ಹರಿಸಿ ಅಳೆಯಿರಿ. ತಂಪಿಸುವಾಗಿನ ರೇಖೆಯೂ ಬಿಸಿಮಾಡುವಾಗಿನ ರೇಖೆಯೂ ಒಂದರ ಮೇಲೊಂದು ಕೂಡದಿದ್ದರೆ ತಾಪಮಾಪಕವೂ ಮಾದರಿಯೂ ಒಂದೇ ತಾಪದಲ್ಲಿಲ್ಲದಿರುವ ಸಂಭವ ಹೆಚ್ಚು, ವೇಗ ತಗ್ಗಿಸಿ.

ಅನಂತರ ಕೋಬಾಲ್ಟನ್ನು ಪೂರ್ಣ ಕಾಂತೀಕರಿಸಿ, ವಿರುದ್ಧ ಕ್ಷೇತ್ರವನ್ನು ನಿಧಾನವಾಗಿ ಏರಿಸುತ್ತ, ಕಾಂತತ್ವ ಶೂನ್ಯ ದಾಟುವ ಎಡೆಯಲ್ಲಿ ಸಂಕ್ರಮಣ ತಾಪವನ್ನು ಗಮನಿಸಿರಿ. ಅಲ್ಲಿ ಅದು ಏರಿದರೆ, ಕಾಂತೀಯ ವಲಯಗಳ (ಕಾಂತತ್ವ ಒಂದೇ ದಿಕ್ಕಿಗಿರುವ ಭಾಗಗಳ) ಗಡಿಗಳಲ್ಲಿ ವಿನಿಮಯ ಕ್ಷೇತ್ರ ಸರಾಸರಿಯಾಗಿ ಸಡಿಲಗೊಂಡಿರುವ ಸಾಧ್ಯತೆಯಿದೆ. ಇಳಿದರೆ ಆಕ್ಸೈಡ್ ಇರುವ ಮಾದರಿಯತ್ತ ನೋಡಿರಿ. ಅದರಲ್ಲೂ ಅಷ್ಟೇ ಇಳಿಕೆ ಕಂಡರೆ, ಆ ಇಳಿಕೆಯನ್ನು ವಿನಿಮಯದ ಲೆಕ್ಕಕ್ಕೆ ಬರೆಯದೆ ವಲಯಗಳಿಂದ ಸೂಸಿದ ಕ್ಷೇತ್ರದ ಲೆಕ್ಕಕ್ಕೆ ಬರೆಯಿರಿ.