ಕೊಂಡು ತಂದ ರ‍್ಯಾಮ್ ಸ್ಲಾಟಿಗಿಂತ ಉದ್ದ!

ನಮ್ಮ ಮನೆಯದು ದಪ್ಪ ಪುಸ್ತಕದಷ್ಟೇ ಗಾತ್ರದ ಪುಟ್ಟ ಕಂಪ್ಯೂಟರ್. ಇದ್ದದ್ದು 4 ಜಿಬಿ ರ‍್ಯಾಮ್, ಅಂದರೆ ತೆರೆದ ಕೆಲಸಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್ ತೆರೆದರೆ ಸಾಕು, ಮೌಸ್ ಕೂಡ ತಡವರಿಸುತ್ತಿತ್ತು. 'ರ‍್ಯಾಮ್ ಜಾಸ್ತಿ ಮಾಡು' ಅಂತ ಎಲ್ಲರೂ ಹೇಳಿದರು. ಆದರೆ ಕಾರಣ ಅದೇನಾ ಅಂತ ಮೊದಲು ನೋಡಬೇಕಲ್ವಾ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಮೆಮೊರಿ 93%, ಡಿಸ್ಕ್ 100%. ಡಿಸ್ಕೇ ಕೆಟ್ಟಿರಬೇಕು ಅಂದುಕೊಂಡೆ. ಒಂದೊಂದೇ ಟ್ಯಾಬ್ ಮುಚ್ಚುತ್ತಾ ಹೋದಾಗ ಎರಡೂ ಇಳಿದವು. ರ‍್ಯಾಮ್‌ನಲ್ಲಿ ಜಾಗ ಸಾಲದೆ ವಿಂಡೋಸ್ ಒಂದಷ್ಟನ್ನು ಡಿಸ್ಕಿಗೆ ಸಾಗಿಸುತ್ತಿತ್ತು, ಬೇಕಾದಾಗ ವಾಪಸ್ ತರುತ್ತಿತ್ತು. ಪಾಪ, ಡಿಸ್ಕಿನ ತಪ್ಪೇನೂ ಇರಲಿಲ್ಲ.

ಅದೇ ಮೆಮೊರಿ ಪುಟದ ಕೆಳಗೆ ಮೂರು ಸಾಲುಗಳಿದ್ದವು. ಸ್ಪೀಡ್ 2400. ರ‍್ಯಾಮ್ ಸಿಕ್ಕಿಸುವ ಎರಡು ಸ್ಲಾಟ್‌ಗಳಲ್ಲಿ ಒಂದು ಖಾಲಿ. ಫಾರ್ಮ್ ಫ್ಯಾಕ್ಟರ್, ಅಂದರೆ ಆಕಾರ, ಸೋಡಿಮ್. ಮೊದಲ ಎರಡನ್ನು ಬರೆದುಕೊಂಡೆ. ಮೂರನೆಯದನ್ನು ಓದಿದೆ, ಅಷ್ಟೇ.

ಇನ್ನು ಯಾವ ಡಿಡಿಆರ್, ಅಂದರೆ ಯಾವ ತಲೆಮಾರಿನ ರ‍್ಯಾಮ್? ನಮ್ಮದು ಇಂಟೆಲ್ ಕೋರ್ ಐ3-7100ಟಿ. ಆ ಪ್ರೊಸೆಸರ್ ಡಿಡಿಆರ್4 ಜೊತೆಗೂ ಓಡುತ್ತದೆ, ಡಿಡಿಆರ್3ಎಲ್ ಜೊತೆಗೂ ಓಡುತ್ತದೆ. ಹಾಗಾಗಿ ಪ್ರೊಸೆಸರ್ ಹೆಸರು ನೋಡಿ ಊಹಿಸುವಂತಿಲ್ಲ, ಮದರ್‌ಬೋರ್ಡ್‌ನಲ್ಲಿ ಯಾವ ಸ್ಲಾಟ್ ಇದೆ ಅನ್ನುವುದೇ ಮುಖ್ಯ. ಸಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡಿದೆ. ಡಿಡಿಆರ್4 ಅಂತ ತೋರಿಸಿತು. ಆದರೆ ಸ್ಪೀಡ್ ಮಾತ್ರ 1200! ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ತಿಳಿಯಿತು, ಡಿಡಿಆರ್ ಒಂದು ಗಡಿಯಾರದ ಮಿಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ. 1200ರ ಎರಡರಷ್ಟೇ ಆ 2400.

ಇಷ್ಟೆಲ್ಲ ತಿಳಿದುಕೊಂಡು 8 ಜಿಬಿ ಡಿಡಿಆರ್4 ತಂದೆ. ಮುಚ್ಚಳ ಬಿಚ್ಚಿದರೆ, ಸ್ಲಾಟ್ ನನ್ನ ಕೈಯಲ್ಲಿದ್ದ ರ‍್ಯಾಮ್ ಪಟ್ಟಿಯ ಅರ್ಧದಷ್ಟು ಉದ್ದವೂ ಇಲ್ಲ ಅನ್ನಿಸಿತು. ಸೋಡಿಮ್ ಅಂದರೆ ಲ್ಯಾಪ್‌ಟಾಪ್‌ಗೆ ಹಾಕುವ ಗಿಡ್ಡ ರ‍್ಯಾಮ್, 260 ಪಿನ್. ನಾನು ತಂದಿದ್ದು 288 ಪಿನ್‌ನ ಉದ್ದದ್ದು. ಮೇಜಿನ ಮೇಲಿಡುವ ಕಂಪ್ಯೂಟರಿಗೆಲ್ಲ ಉದ್ದದ್ದೇ ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದ್ದೆ. ಮುಚ್ಚಳವನ್ನು ಮೊದಲೇ ಬಿಚ್ಚಿದ್ದರೆ ಓಡಾಟ ತಪ್ಪುತ್ತಿತ್ತು.

ಅದನ್ನು ಕೊಟ್ಟು ಗಿಡ್ಡದ್ದನ್ನು ತರುವ ಮುನ್ನ, ಎಷ್ಟು ರ‍್ಯಾಮ್ ಹಾಕಬಹುದು ಅನ್ನುವ ಮಿತಿಯನ್ನೂ ನೋಡಿಕೊಂಡೆ. ಪ್ರೊಸೆಸರ್ 64 ಜಿಬಿವರೆಗೆ ಅನ್ನುತ್ತದೆ, ನಮ್ಮ ಬೋರ್ಡಿನ ಕೈಪಿಡಿ 32 ಅನ್ನುತ್ತದೆ. ಎರಡರಲ್ಲಿ ಕಡಿಮೆ ಇರುವುದನ್ನೇ ನಂಬಬೇಕು. ನನಗೆ 8 ಸೇರಿಸಿದರೆ ಸಾಕಿತ್ತು. ಹಳೆಯ 4 ಜಿಬಿಯನ್ನು ಬಿಸಾಡಲು ಮನಸ್ಸು ಬರಲಿಲ್ಲ. ಎರಡೂ ಒಂದೇ ಅಳತೆಯದಾದರೆ ಒಳ್ಳೆಯದು, ನಿಜ. ಆದರೆ 4+8 ಹಾಕಿದರೂ ಇಂಟೆಲ್‌ನಲ್ಲಿ ಮೊದಲ 8 ಜಿಬಿ (ಎರಡೂ ಪಟ್ಟಿಗಳಿಂದ 4-4) ಜೋಡಿಯಾಗಿಯೇ ಒಟ್ಟಿಗೆ ಕೆಲಸ ಮಾಡುತ್ತದೆ, ಉಳಿದ 4 ಮಾತ್ರ ಒಂಟಿಯಾಗಿ.

ವೈರ್ ತೆಗೆದು, ಲೋಹದ ಚೌಕಟ್ಟನ್ನು ಮುಟ್ಟಿ ಕೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ಹೊಸ ಪಟ್ಟಿಯನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದೆ. ಆನ್ ಮಾಡಿದರೆ ಪರದೆ ಕಪ್ಪು! ಎದೆ ಧಸಕ್ಕೆಂದಿತು. ಬಿಚ್ಚಿ ನೋಡಿದೆ. ಪಟ್ಟಿ ಪೂರ್ತಿ ಒಳಗೆ ಹೋಗಿರಲಿಲ್ಲ. ಈ ಸಲ ಎರಡೂ ಬದಿಯ ಕ್ಲಿಪ್ 'ಟಕ್' ಅಂದವು.

ವಿಂಡೋಸ್‌ನದೇ ಮೆಮೊರಿ ಡಯಾಗ್ನಾಸ್ಟಿಕ್ ಒಮ್ಮೆ ಓಡಿಸಿದೆ, ತಪ್ಪೇನೂ ಸಿಗಲಿಲ್ಲ. ಟಾಸ್ಕ್ ಮ್ಯಾನೇಜರ್ ಈಗ 12 ಜಿಬಿ ತೋರಿಸುತ್ತದೆ. ಹೊಸ ಪಟ್ಟಿಯ ಮೇಲೆ 3200 ಅಂತ ಬರೆದಿದೆ, ಓಡುವುದು ಮಾತ್ರ 2400ರಲ್ಲೇ. ಈ ಪ್ರೊಸೆಸರ್ ಅದಕ್ಕಿಂತ ಮೇಲೆ ಹೋಗುವುದಿಲ್ಲ.