ಕಡಿಮೆ ಬಜೆಟ್ಟಿನ ಕೋಳಿಗೂಡು: ಜಾಲರಿಗೆ ಖರ್ಚು ಮಾಡಿ, ಗೋಡೆಯಲ್ಲಿ ಉಳಿಸಿ

ಕೈಯಲ್ಲಿ ಹಣ ಕಡಿಮೆಯಿದ್ದಾಗ ಕೋಳಿಗೂಡಿನಲ್ಲಿ ಮೊದಲು ಕತ್ತರಿ ಬೀಳುವುದು ಜಾಲರಿಗೆ ಮತ್ತು ಚಿಲಕಕ್ಕೆ. ಬಣ್ಣಕ್ಕೆ, ಅಂದದ ಹಲಗೆಗೆ ಮಾತ್ರ ಧಾರಾಳವಾಗಿ ಸುರಿಯುತ್ತಾರೆ. ಇದು ತಿರುಗುಮುರುಗಾಗಬೇಕು. ಗೋಡೆ ಹಳೆಯ ಹಲಗೆಯದಾದರೆ ಕೋಳಿಗೆ ನಷ್ಟವೇನಿಲ್ಲ. ಜಾಲರಿಯ ಒಂದು ಮೂಲೆ ಸಡಿಲವಾದರೆ ಒಂದೇ ರಾತ್ರಿಯಲ್ಲಿ ಗೂಡು ಬರಿದಾಗುತ್ತದೆ.

ಮೊದಲು ಅಳತೆ

ಸಾಮಾನ್ಯ ಗಾತ್ರದ ಒಂದು ಕೋಳಿಗೆ ಗೂಡಿನೊಳಗೆ 4 ಚದರ ಅಡಿ, ಹೊರಗೆ ಜಾಲರಿ ಹಾಕಿದ ಅಂಗಳದಲ್ಲಿ 10 ಚದರ ಅಡಿ ಜಾಗ ಬೇಕು. ಇದಕ್ಕಿಂತ ಇಕ್ಕಟ್ಟಾದರೆ ಒಂದರ ಗರಿ ಇನ್ನೊಂದು ಕೀಳುತ್ತದೆ, ನೆಲಕ್ಕೆ ಹರಡಿದ ಹೊಟ್ಟಿನ ಹಾಸು ಬೇಗ ಒದ್ದೆಯಾಗುತ್ತದೆ. ಆರು ಕೋಳಿ ಎಂದಿಟ್ಟುಕೊಂಡರೆ 6×4 ಅಡಿಯ ಗೂಡು, 10×6 ಅಡಿಯ ಅಂಗಳ. ಮುಂದೆ ಹೆಚ್ಚು ಕೋಳಿ ಸಾಕುವ ಯೋಚನೆ ಇದ್ದರೆ ಗೂಡನ್ನು ಈಗಲೇ ದೊಡ್ಡದು ಮಾಡಿ. ಅಂಗಳವನ್ನು ಆಮೇಲೂ ಬೆಳೆಸಬಹುದು, ಗೂಡನ್ನು ಬೆಳೆಸುವುದು ಕಷ್ಟ.

6×4 ಅಡಿಯೇ ಏಕೆಂದರೆ ಪ್ಲೈವುಡ್ ಹಾಳೆ 8×4 ಅಡಿಯಲ್ಲಿ ಸಿಗುತ್ತದೆ. 12 ಮಿಲಿಮೀಟರ್ ದಪ್ಪದ ಒಂದೇ ಹಾಳೆಯಲ್ಲಿ ನೆಲ ಮುಗಿದು 4×2 ಅಡಿಯ ತುಂಡು ಉಳಿಯುತ್ತದೆ. ಅದನ್ನು ಬಿಸಾಡಬೇಡಿ, ಮೊಟ್ಟೆ ಪೆಟ್ಟಿಗೆಗೆ ಬರುತ್ತದೆ.

ಚೌಕಟ್ಟು ಮತ್ತು ನೆಲ

ಮುಂದೆ 6 ಅಡಿಯ ಎರಡು ಕಂಬ, ಹಿಂದೆ ಐದೂವರೆ ಅಡಿಯ ಎರಡು ಕಂಬ. 3×3 ಅಂಗುಲ ದಪ್ಪವಿದ್ದರೆ ಸಾಕು. ಕಂಬಗಳನ್ನು ಮಣ್ಣಿನಲ್ಲಿ ಹೂಳಬೇಡಿ. ಹೂತ ಮರ ಮೊದಲು ಕೊಳೆಯುವುದು ನೆಲಮಟ್ಟದಲ್ಲೇ. ನಾಲ್ಕು ಚಪ್ಪಟೆ ಕಲ್ಲನ್ನೋ ಇಟ್ಟಿಗೆಯನ್ನೋ ಸಮಮಟ್ಟಕ್ಕೆ ಕೂರಿಸಿ ಅದರ ಮೇಲೆ ನಿಲ್ಲಿಸಿ. ಗಾಳಿ ಜೋರಾಗಿ ಬೀಸುವ ಜಾಗವಾದರೆ ಒಂದೊಂದು ಕಂಬಕ್ಕೂ ಕಬ್ಬಿಣದ ಗೂಟ ಹೊಡೆದು ಬಿಗಿಯಿರಿ. ಗೂಡಿನ ಬೆನ್ನು ಮಳೆ ಹೊಡೆಯುವ ದಿಕ್ಕಿಗಿರಲಿ.

ನೆಲವನ್ನು 2 ಅಡಿ ಎತ್ತರದಲ್ಲಿ ಕಟ್ಟಿ. ಒಂದು ಗೇಣು ಎತ್ತರಕ್ಕೇ ಬಿಟ್ಟರೆ ಅಡಿಯ ಕತ್ತಲಲ್ಲಿ ಹೆಗ್ಗಣ ಸಂಸಾರ ಹೂಡುತ್ತದೆ. 2 ಅಡಿಯಾದರೆ ಬೆಳಕು ಬೀಳುತ್ತದೆ, ಬಾಗಿ ನೋಡಬಹುದು, ಕೋಳಿಗೂ ನೆರಳು. ಪ್ಲೈವುಡ್ ಕೆಳಗೆ 2 ಅಡಿಗೊಂದರಂತೆ ಅಡ್ಡಪಟ್ಟಿ ಕೊಡಿ. ಮೇಲೆ ಹಳೆಯ ವಿನೈಲ್ ಹಾಸಿನ ತುಂಡೊಂದನ್ನು ಹರಡಿದರೆ ಹಿಕ್ಕೆ ಪ್ಲೈವುಡ್ಡಿಗೆ ಇಳಿಯುವುದಿಲ್ಲ, ತೊಳೆಯುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಗೋಡೆಗೆ ಹಳೆಯ ಪ್ಯಾಲೆಟ್ ಹಲಗೆಗಿಂತ ಅಗ್ಗದ್ದು ಇಲ್ಲ. ಆದರೆ ಮುದ್ರೆ ನೋಡಿ ತನ್ನಿ. ‘ಎಚ್‌ಟಿ’ ಎಂದಿದ್ದರೆ ಬಿಸಿ ಮಾಡಿ ಸಂಸ್ಕರಿಸಿದ ಮರ, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಬಿಟ್ಟುಬಿಡಿ. ಎಣ್ಣೆಯ ಕಲೆ, ರಾಸಾಯನಿಕದ ವಾಸನೆ ಇದ್ದರೂ ಬೇಡ. ಬಣ್ಣ ಸುಲಿಯುತ್ತಿರುವ ತೀರಾ ಹಳೆಯ ಹಲಗೆಯನ್ನೂ ದೂರವಿಡಿ, ಅದರಲ್ಲಿ ಸೀಸ ಇರಬಹುದು. ಕೋಳಿ ಕಂಡದ್ದನ್ನೆಲ್ಲ ಕುಕ್ಕುತ್ತದೆ.

ಚಾವಣಿ, ಗಾಳಿ

ಸುತ್ತ ಒಂದೊಂದು ಅಡಿ ಸೂರು ಬಿಟ್ಟರೆ ಚಾವಣಿ 8×6 ಅಡಿಯಾಗುತ್ತದೆ. 3 ಅಡಿ ಅಗಲ, 6 ಅಡಿ ಉದ್ದದ ಮೂರು ಸುಕ್ಕುತಗಡನ್ನು ಅರ್ಧರ್ಧ ಅಡಿ ಒಂದರ ಮೇಲೊಂದು ಬರುವಂತೆ ಹೊದಿಸಿ. ರಬ್ಬರ್ ವಾಶರ್ ಇರುವ ಸ್ಕ್ರೂವನ್ನು ತಗಡಿನ ಉಬ್ಬಿನ ಮೇಲೆ ಹಾಕಿ, ತಗ್ಗಿನಲ್ಲಲ್ಲ. ನೀರು ಹರಿಯುವುದೇ ತಗ್ಗಿನಲ್ಲಿ. ಅಲ್ಲಿ ತೂತು ಬಿದ್ದರೆ ಸೋರುತ್ತದೆ.

ಇನ್ನು ಗಾಳಿ. ಇಲ್ಲಿ ತಪ್ಪುವವರೇ ಹೆಚ್ಚು. ಕೋಳಿಗೆ ಚಳಿಯಾದೀತು ಎಂದು ಎಲ್ಲ ಸಂದಿಗಳನ್ನೂ ಮುಚ್ಚುತ್ತಾರೆ. ಕೋಳಿಗೆ ಗರಿಯೇ ಹೊದಿಕೆ. ಅದನ್ನು ಕಾಯಿಲೆಗೆ ತಳ್ಳುವುದು ಉಸಿರಿನ ತೇವ ಮತ್ತು ಹಿಕ್ಕೆಯಿಂದ ಏಳುವ ಅಮೋನಿಯಾ. ಮುಂದಿನ ಗೋಡೆಯ ನೆತ್ತಿಯಲ್ಲಿ 1 ಅಡಿ, ಹಿಂದಿನದರಲ್ಲಿ ಅರ್ಧ ಅಡಿ ಎತ್ತರದ ತೆರಪನ್ನು ಉದ್ದಕ್ಕೂ ಬಿಟ್ಟು ಜಾಲರಿ ಹೊಡೆಯಿರಿ. ಒಟ್ಟು 9 ಚದರ ಅಡಿ ಸಿಗುತ್ತದೆ. ಕೋಳಿಯೊಂದಕ್ಕೆ 1 ಚದರ ಅಡಿಯ ಲೆಕ್ಕದಲ್ಲಿ ಆರಕ್ಕೆ ಇದು ಧಾರಾಳ. ತೆರಪು ಕೂತ ಕೋಳಿಯ ತಲೆಗಿಂತ ಮೇಲಿರಬೇಕು. ಆಗ ಗಾಳಿ ಆಡುತ್ತದೆ, ಮೈಗೆ ನೇರ ಬೀಸುವುದಿಲ್ಲ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ತಲೆ ಒಳಗೆ ಹಾಕಿ ಉಸಿರೆಳೆಯಿರಿ. ಮೂಗು ಚುರುಗುಟ್ಟಿದರೆ ಗಾಳಿ ಸಾಲದು ಅಥವಾ ಹಾಸು ಬದಲಿಸುವ ಹೊತ್ತಾಗಿದೆ.

ಒಳಗಿನ ಸಾಮಾನು

ಕೋಳಿ ಕೂರುವ ಅಡ್ಡಗೋಲು ನೆಲದಿಂದ ಒಂದೂವರೆ ಅಡಿ ಎತ್ತರ, ಹಿಂಗೋಡೆಯಿಂದ 1 ಅಡಿ ದೂರದಲ್ಲಿರಲಿ. ಎರಡು ಅಂಗುಲ ಅಗಲದ ಪಟ್ಟಿಯ ಅಂಚು ಉಜ್ಜಿ ನಯ ಮಾಡಿ. ನುಣುಪಾದ ಪ್ಲಾಸ್ಟಿಕ್ ಪೈಪು ಬೇಡ, ಕಾಲು ಜಾರುತ್ತದೆ. ಕೋಳಿಗೆ 10 ಅಂಗುಲದಂತೆ ಆರು ಅಡಿಯ ಒಂದೇ ಕೋಲು ಸಾಕು. ಅದನ್ನು ಮೊಳೆ ಹೊಡೆದು ಕೂರಿಸದೆ ಎರಡು ತುದಿಯನ್ನೂ ಕಚ್ಚಿನೊಳಗೆ ಇಟ್ಟು, ಬೇಕಾದಾಗ ಎತ್ತುವಂತೆ ಮಾಡಿ. ರಕ್ತ ಹೀರುವ ಕೆಂಪು ನುಸಿ ಹಗಲಿಡೀ ಅಡಗುವುದು ಕೋಲಿನ ತುದಿಯ ಆ ಸಂದಿನಲ್ಲೇ. ಕತ್ತಲಾದ ಮೇಲೆ ಬಿಳಿ ಬಟ್ಟೆಯಿಂದ ಕೋಲಿನ ಅಡಿಭಾಗ ಒರೆಸಿ ನೋಡಿ. ಕೆಂಪು ಗೀರು ಬಿದ್ದರೆ ನುಸಿ ಹತ್ತಿದೆ ಎಂದರ್ಥ.

ಆರು ಕೋಳಿಗೆ ಎರಡು ಮೊಟ್ಟೆ ಗೂಡು ಸಾಕು, ಒಂದೊಂದೂ 12 ಅಂಗುಲ ಚೌಕ. ಉಳಿದ ಪ್ಲೈವುಡ್ಡನ್ನು 2×1 ಅಡಿಯ ನಾಲ್ಕು ತುಂಡು ಮಾಡಿ: ತಳ, ಬೆನ್ನು, ಮುಚ್ಚಳ ಮೂರಕ್ಕೆ, ನಾಲ್ಕನೆಯದನ್ನು ಎರಡಾಗಿ ಕುಯ್ದರೆ ಎರಡು ಪಕ್ಕ. ನಡುವಿನ ಅಡ್ಡಕ್ಕೆ ಯಾವ ಹಲಗೆಯಾದರೂ ಆದೀತು. ಪೆಟ್ಟಿಗೆಯನ್ನು ಗೋಡೆಯ ಹೊರಗೆ ಚಾಚುವಂತೆ ಕೂರಿಸಿದರೆ ಒಳಗಿನ ಜಾಗ ಉಳಿಯುತ್ತದೆ. ಮುಚ್ಚಳದ ಮೇಲೆ ಎರಡು ಅಂಗುಲ ಹೊರಚಾಚಿದ ತಗಡು ಹೊಡೆಯಿರಿ. ಪೆಟ್ಟಿಗೆಯ ತಳ ಅಡ್ಡಗೋಲಿಗಿಂತ ಕೆಳಗಿರಲೇಬೇಕು. ಕೋಳಿ ರಾತ್ರಿ ಕೂರುವುದು ಸಿಕ್ಕ ಅತಿ ಎತ್ತರದ ಜಾಗದಲ್ಲಿ. ಪೆಟ್ಟಿಗೆ ಮೇಲಿದ್ದರೆ ಅಲ್ಲೇ ಮಲಗಿ, ಮೊಟ್ಟೆ ಇಡುವ ಕಡೆ ಹಿಕ್ಕೆ ಹಾಕುತ್ತದೆ.

ಕೋಳಿಯ ಬಾಗಿಲು 12 ಅಂಗುಲ ಅಗಲ, 14 ಅಂಗುಲ ಎತ್ತರ; ನೆಲಕ್ಕಿಂತ 6 ಅಂಗುಲ ಮೇಲೆ ಕತ್ತರಿಸಿದರೆ ಹಾಸು ಹೊರಗೆ ಚೆಲ್ಲುವುದಿಲ್ಲ. ನಿಮಗಾಗಿ ಪಕ್ಕದ ಒಂದು ಗೋಡೆ ಪೂರ್ತಿ ತೆರೆಯುವಂತಿರಲಿ. ಕೈ ಎಟುಕದ ಮೂಲೆ ಎಂದೂ ಶುಚಿಯಾಗುವುದಿಲ್ಲ. ನೆಲದ ಹಾಸಿಗಾಗಿ ನಾಲ್ಕು ಅಂಗುಲ ದಪ್ಪಕ್ಕೆ ಮರ ಹೆರೆದ ಸುರುಳಿ ಅಥವಾ ಭತ್ತದ ಹೊಟ್ಟು ಹರಡಿ.

ಜಾಲರಿ

ಆರುಮೂಲೆ ಕಣ್ಣಿನ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ಅಷ್ಟೆ. ನಾಯಿ ಅದನ್ನು ಹರಿಯುತ್ತದೆ, ಮುಂಗುಸಿ ನುಸುಳುತ್ತದೆ. ಗೂಡಿನ ಎಲ್ಲ ತೆರಪಿಗೂ ಅರ್ಧ ಅಂಗುಲ ಕಣ್ಣಿನ, ಸತು ಲೇಪಿಸಿದ ವೆಲ್ಡ್ ಮೆಶ್ ಹಾಕಿ. ಅಂಗಳದಲ್ಲಿ ಉಳಿತಾಯ ಸಾಧ್ಯ: ಕೆಳಗಿನ ಎರಡು ಅಡಿಗೆ ಮಾತ್ರ ಈ ಜಾಲರಿ, ಮೇಲಿನದಕ್ಕೆ ದೊಡ್ಡ ಕಣ್ಣಿನದು. ಆದರೆ ಹಾಗೆ ಮಾಡಿದ ಮೇಲೆ ಪ್ರತಿ ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸಿ ಬಾಗಿಲು ಹಾಕುವುದು ತಪ್ಪಬಾರದು.

ಸ್ಟೇಪಲ್ ಪಿನ್ನು ಎಳೆದರೆ ಕಿತ್ತುಬರುತ್ತದೆ. ಅಗಲ ವಾಶರ್ ಹಾಕಿದ ಸ್ಕ್ರೂ ಬಳಸಿ, ಆರು ಅಂಗುಲಕ್ಕೊಂದು. ಇಲ್ಲವೇ ಜಾಲರಿಯ ಅಂಚಿನ ಮೇಲೆ ರೀಪರ್ ಪಟ್ಟಿ ಇಟ್ಟು ಬಿಗಿಯಿರಿ. ಅಗೆಯುವ ಪ್ರಾಣಿಗಳಿಗಾಗಿ ಆಳ ಗುಂಡಿ ತೋಡುವ ಶ್ರಮ ಬೇಡ. ಬೇಲಿಯ ಬುಡದಿಂದ ಹೊರಕ್ಕೆ ಎರಡು ಅಡಿ ಜಾಲರಿಯನ್ನು ನೆಲದ ಮೇಲೆಯೇ ಮಲಗಿಸಿ ಕಲ್ಲು ಹೇರಿ. ಪ್ರಾಣಿ ಬೇಲಿಯ ಬುಡದಲ್ಲೇ ಅಗೆಯಲು ಹೋಗುತ್ತದೆ, ಉಗುರಿಗೆ ತಂತಿ ಸಿಕ್ಕಿ ಅಗೆಯುವುದನ್ನೇ ಬಿಡುತ್ತದೆ. ಚಿಲಕ ಎತ್ತಿ ಎಳೆಯುವಂಥದ್ದಾಗಿರಲಿ, ಅದಕ್ಕೊಂದು ಕೊಕ್ಕೆಯೂ ಇರಲಿ.

ಕೊಳ್ಳುವುದಾದರೆ

ಸಿದ್ಧ ಗೂಡಿನ ಮೇಲೆ ‘8 ಕೋಳಿಗೆ’ ಎಂದು ಬರೆದಿರುವುದನ್ನು ನಂಬಬೇಡಿ. ಮೊಟ್ಟೆ ಪೆಟ್ಟಿಗೆ ಬಿಟ್ಟು ಒಳನೆಲವನ್ನಷ್ಟೇ ಅಳೆದು ನಾಲ್ಕರಿಂದ ಭಾಗಿಸಿ, ಬಂದದ್ದೇ ನಿಜವಾದ ಸಂಖ್ಯೆ. ಬೆಲೆಯನ್ನೂ ಚದರ ಅಡಿಗೆ ಇಷ್ಟು ಎಂದು ಲೆಕ್ಕ ಹಾಕಿ ಹೋಲಿಸಿ. ಅಗ್ಗವೆಂದು ಕಂಡದ್ದು ಎಷ್ಟೋ ಸಲ ದುಬಾರಿಯಾಗಿರುತ್ತದೆ. ಹಲಗೆ ಬೆರಳಲ್ಲಿ ಒತ್ತಿದರೆ ಬಾಗಬಾರದು. ನಮ್ಮ ಸಲಹೆ ಕೇಳುವುದಾದರೆ, ತೆಳು ಹಲಗೆಯ ಹೊಸ ಗೂಡಿಗಿಂತ ಗಟ್ಟಿಯಾದ ಹಳೆಯ ನಾಯಿಗೂಡು, ಸಾಮಾನಿನ ಶೆಡ್ಡು ಅಥವಾ ಮರದ ಬೀರು ಕೊಂಡು ತೆರಪು ಕೊರೆದು ಜಾಲರಿ ಹೊಡೆಯುವುದು ಲೇಸು.

ಬೇರೆಯವರು ಕೋಳಿ ಸಾಕಿದ್ದ ಗೂಡು ತಂದರೆ ಎಚ್ಚರ. ಮಾರೆಕ್ಸ್ ಎಂಬ ಕೋಳಿರೋಗದ ವೈರಸ್ಸು ಉದುರಿದ ಗರಿಯ ಧೂಳಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಮೊದಲು ಕೆರೆದು ತೆಗೆಯಿರಿ, ಸೋಪಿನ ನೀರಲ್ಲಿ ಉಜ್ಜಿ, ಆಮೇಲೆ ಸೋಂಕುನಾಶಕ ಹಾಕಿ. ಕೊಳೆಯ ಮೇಲೆ ಸುರಿದ ಔಷಧ ಕೆಲಸ ಮಾಡದು. ಚೆನ್ನಾಗಿ ಬಿಸಿಲು ಕಾಣಿಸಿ, ಒಣಗಿದ ಮೇಲೆ ಒಳಗೆಲ್ಲ ಸುಣ್ಣ ಬಳಿಯಿರಿ.

ಗೂಡು ಸಿದ್ಧವಾದ ಮೇಲೆ ಕೋಳಿಗಳನ್ನು ಒಳಗೇ ಮೇವು-ನೀರು ಕೊಟ್ಟು ನಾಲ್ಕೈದು ದಿನ ಇರಿಸಿಕೊಳ್ಳಿ, ಆಮೇಲೆ ಅಂಗಳಕ್ಕೆ ಬಿಡಿ. ಅಷ್ಟು ದಿನದಲ್ಲಿ ಜಾಗ ರೂಢಿಯಾಗಿ, ಕತ್ತಲಾಗುವ ಹೊತ್ತಿಗೆ ತಾವಾಗಿಯೇ ಒಳಗೆ ಬರುತ್ತವೆ.