ಒಳ್ಳೆ ಕೆಲಸಕ್ಕಾಗಿ ಮ್ಯಾರಥಾನ್: ಹಿಡಿದದ್ದನ್ನು ಬಿಡದೆ ಓಡಿ ಮುಗಿಸುವುದು ಹೇಗೆ?

ಹೊಸ ವರ್ಷಕ್ಕೆ ಶೂ ಕೊಂಡು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಓಡಲು ಶುರು ಮಾಡುವವರು ಬೇಕಾದಷ್ಟು ಜನ. ಶಿವರಾತ್ರಿ ಹೊತ್ತಿಗೆ ಅವರಲ್ಲಿ ಎಷ್ಟೋ ಮಂದಿ ಕಾಣಿಸುವುದಿಲ್ಲ. ಅವರಿಗೆ ಛಲ ಇಲ್ಲ ಅಂದುಬಿಡುವುದು ಸುಲಭ, ನನಗೆ ಹಾಗೆ ಅನ್ನಿಸುವುದಿಲ್ಲ. ನಮಗಾಗಿ ಮಾತ್ರ ಓಡುವಾಗ, ಇವತ್ತು ಬೇಡ ಅಂತ ಹೊದ್ದು ಮಲಗಿದರೆ ಕೇಳುವವರು ಯಾರೂ ಇಲ್ಲ ಅಲ್ವಾ? ಇಂಥವರಿಗಾಗಿ ಓಡುತ್ತೇನೆ ಅಂತ ನಾಲ್ಕು ಜನರ ಮುಂದೆ ಹೇಳಿ, ಅವರಿಂದ ದುಡ್ಡೂ ಕೊಡಿಸಿದ ಮೇಲೆ ಸುಮ್ನೆ ಬಿಡಲು ಆಗುವುದಿಲ್ಲ. ನಮ್ಮ ಕಡೆ ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ನಡೆದು ಹೋಗುವವರನ್ನು ನೋಡಿ. ಕಾಲಲ್ಲಿ ಬೊಬ್ಬೆ ಎದ್ದರೂ ಅರ್ಧ ದಾರಿಯಲ್ಲಿ ಬಸ್ಸು ಹತ್ತುವುದಿಲ್ಲ. ಆ ಗಟ್ಟಿತನ ಅವರಿಗೆ ಹರಕೆಯಿಂದ ಬಂದದ್ದು. ಓಟಕ್ಕೂ ಅಂಥದ್ದೊಂದು ಬೇಕು.

ಹಾಗಾಗಿ ಶೂ ಕೊಳ್ಳುವ ಮೊದಲು ಯಾರಿಗಾಗಿ ಅಂತ ಗೊತ್ತುಮಾಡಿಕೊಳ್ಳಿ. 'ಸಮಾಜಸೇವೆ' ಅನ್ನುವಷ್ಟು ದೊಡ್ಡ ಮಾತು ಬೇಡ. ಹತ್ತಿರದ್ದು, ಹೋಗಿ ನೋಡಬಹುದಾದದ್ದು ಇರಲಿ. ಉದಾಹರಣೆಗೆ ಡಯಾಲಿಸಿಸ್ ತೆಗೆದುಕೊಳ್ಳುವವರು. ಕಿಡ್ನಿ ಪೂರ್ತಿ ಕೈಕೊಟ್ಟವರು ಸಾಮಾನ್ಯವಾಗಿ ವಾರಕ್ಕೆ 2–3 ಸಲ ಆಸ್ಪತ್ರೆಗೆ ಬರಬೇಕು, ಪ್ರತಿ ಸಲ ಸುಮಾರು 4 ಗಂಟೆ ಮೆಷಿನ್ ಪಕ್ಕ ಮಲಗಿರಬೇಕು. ನಾಗಮಂಗಲದ ಕಡೆಯಿಂದಲೋ ಎಚ್.ಡಿ. ಕೋಟೆಯ ಕಡೆಯಿಂದಲೋ ಬರುವವರಿಗೆ ಚಿಕಿತ್ಸೆ ಉಚಿತವಾಗಿ ಸಿಕ್ಕರೂ ಬಸ್ಸು, ಆಟೋ, ಊಟ, ಮೇಲೆ ಜೊತೆಗೆ ಬಂದವರ ಆ ದಿನದ ಕೂಲಿ ಹೋಗುವುದು, ಇದೆಲ್ಲ ತಿಂಗಳ ಕೊನೆಗೆ ದೊಡ್ಡ ಮೊತ್ತ. ಇಂಥ ಖರ್ಚು ನೋಡಿಕೊಳ್ಳುವ ಸಂಸ್ಥೆ ಇದೆಯಾ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ. ಒಪ್ಪಿಗೆ ಪಡೆದು ಒಂದು ಗಂಟೆ ಅಲ್ಲಿ ಕೂತು ಬನ್ನಿ. ರೋಗಿಗಳ ಫೋಟೋ ತೆಗೆಯಬೇಡಿ, ಸುಮ್ನೆ ಮಾತಾಡಿ. ಬೆಳಗ್ಗೆ ನಾಲ್ಕಕ್ಕೆ ಎದ್ದು, ಮೊದಲ ಬಸ್ಸು ಹಿಡಿದು, ವರ್ಷಗಟ್ಟಲೆ ಹೀಗೇ ಬರುತ್ತಿರುವವರು ಸಿಗುತ್ತಾರೆ. ನಮಗೆ ಭಾನುವಾರ ಒಂದು ದಿನ ಐದಕ್ಕೆ ಏಳುವುದು ಆಮೇಲೆ ಅಷ್ಟೇನೂ ಕಷ್ಟ ಅನ್ನಿಸುವುದಿಲ್ಲ.

ಇನ್ನು ದುಡ್ಡಿನ ವಿಷಯ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ನಿಮ್ಮ ಸ್ವಂತ ಖಾತೆಗೆ, ನಿಮ್ಮ ಯುಪಿಐಗೆ ಒಂದು ರೂಪಾಯಿಯೂ ಬರಬಾರದು. ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ, ಕೊಟ್ಟವರ ಹೆಸರಿಗೇ ರಸೀದಿ ಬರಲಿ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಸಂಸ್ಥೆಗೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಅದಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇದನ್ನು ದುಡ್ಡು ಕೊಡುವವರಿಗೂ ತಿಳಿಸಿ.

ಕೇಳಲು ಸಂಕೋಚ ಆಗುತ್ತದೆ, ನಿಜ. ಅದಕ್ಕೇ ಸಣ್ಣ ಮೊತ್ತ ಕೇಳಿ, ಜಾಸ್ತಿ ಜನರನ್ನು ಕೇಳಿ. ಕೆನಡಾದ ಟೆರ್ರಿ ಫಾಕ್ಸ್ ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಹುಡುಗ. 1980ರಲ್ಲಿ ಕೃತಕ ಕಾಲು ಹಾಕಿಕೊಂಡು, ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೂಡಿಸಲು ದೇಶದ ಉದ್ದಕ್ಕೂ ಓಡಲು ಹೊರಟ. ಅವನು ಕೇಳಿದ್ದು ಪ್ರತಿಯೊಬ್ಬ ಕೆನಡಿಗನಿಂದ ಒಂದೇ ಒಂದು ಡಾಲರ್. ನೀವು ಕಿಲೋಮೀಟರಿನ ಲೆಕ್ಕ ಇಟ್ಟುಕೊಳ್ಳಬಹುದು. ವಾಟ್ಸಾಪಿನಲ್ಲಿ ಹೀಗೆ ಬರೆಯಿರಿ: "ಅಣ್ಣಾ, ಜನವರಿಯಲ್ಲಿ 42 ಕಿಲೋಮೀಟರ್ ಓಡುತ್ತಿದ್ದೇನೆ. ಡಯಾಲಿಸಿಸ್‌ಗೆ ಬರುವವರ ಬಸ್ ಖರ್ಚಿಗೆ ಕಿಲೋಮೀಟರಿಗೆ 10 ರೂಪಾಯಿಯಂತೆ 420 ಕೊಡುತ್ತೀರಾ? ಸಂಸ್ಥೆಯ ಖಾತೆ ನಂಬರ್ ಕೆಳಗಿದೆ, ರಸೀದಿ ನಿಮಗೇ ಬರುತ್ತದೆ." ಇಷ್ಟು ಸಾಕು. ಗುಂಪಿಗೆ ಹಾಕಿ ಕೂರಬೇಡಿ, ಒಬ್ಬೊಬ್ಬರಿಗೇ ಕಳಿಸಿ. ಸೋದರಮಾವ, ಹಳೆ ಮೇಷ್ಟ್ರು, ಆಫೀಸಿನವರು, ಯಾರನ್ನೂ ಬಿಡಬೇಡಿ. ಕೊಡದವರ ಮೇಲೆ ಬೇಜಾರು ಬೇಡ.

ಓಟಕ್ಕೆ ಬರೋಣ. ಈವರೆಗೆ ಓಡಿಯೇ ಇಲ್ಲ ಅಂದರೆ ಮೊದಲ ವರ್ಷ 21 ಕಿಲೋಮೀಟರಿನ ಅರ್ಧ ಮ್ಯಾರಥಾನೇ ಸಾಕು, ಒಳ್ಳೆ ಕೆಲಸಕ್ಕೆ ಅದೂ ಅಷ್ಟೇ ಆಗುತ್ತದೆ. ಆರಾಮವಾಗಿ 10 ಕಿಲೋಮೀಟರ್ ಓಡುವವರು 18–20 ವಾರ ಇಟ್ಟುಕೊಂಡು ಪೂರ್ತಿ 42.195ಕ್ಕೆ ಕೈಹಾಕಬಹುದು. ಶುಗರ್, ಬಿಪಿ ಇದ್ದರೆ, ವಯಸ್ಸು 40 ದಾಟಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ವಾರಕ್ಕೆ ನಾಲ್ಕು ದಿನ ಓಟ. ಮೂರು ದಿನ ಚಿಕ್ಕದು, ಭಾನುವಾರ ಉದ್ದದ್ದು. ಉದ್ದದ ಓಟವನ್ನು ವಾರವಾರಕ್ಕೆ ಒಂದೆರಡು ಕಿಲೋಮೀಟರ್ ಏರಿಸಿ, ನಾಲ್ಕನೇ ವಾರ ಇಳಿಸಿ. 30–32 ಮುಟ್ಟಿದರೆ ಸಾಕು, ಅದೂ ಓಟದ ದಿನಕ್ಕೆ ಮೂರು ವಾರ ಮುಂಚೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನ ಓಡಿ. ಬಹಳ ಜನಕ್ಕೆ ಕಷ್ಟವಾಗುವುದು ಇದೇ.

ಚಿಕ್ಕ ಓಟಕ್ಕೆ ಕುಕ್ಕರಹಳ್ಳಿಗಿಂತ ಒಳ್ಳೆ ಜಾಗ ಮೈಸೂರಲ್ಲಿ ಇಲ್ಲ. ಮಣ್ಣಿನ ದಾರಿ ಮಂಡಿಗೆ ಹಿತ, ನೆರಳಿದೆ, ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುತ್ತಾ ಒಂದು ಸುತ್ತು ಮುಗಿದದ್ದೇ ಗೊತ್ತಾಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಚಾಮುಂಡಿ ಬೆಟ್ಟದ ರಸ್ತೆ ಹತ್ತಿ. ಹತ್ತುವಾಗ ಉಸಿರು ಹೋಗುತ್ತದೆ, ಆದರೆ ತೊಡೆ ಹಿಡಿದುಕೊಳ್ಳುವುದು ಇಳಿಯುವಾಗ, ಆದ್ದರಿಂದ ಇಳಿಜಾರಿನಲ್ಲಿ ದಡದಡ ಓಡಬೇಡಿ. ಮಂಡ್ಯದವರಿಗೆ ನಾಲೆ ಪಕ್ಕದ ರಸ್ತೆಗಳಿವೆ, ಸಮತಟ್ಟು, ತಂಪು. ಕಬ್ಬು ಅರೆಯುವ ಕಾಲದಲ್ಲಿ ಮಾತ್ರ ಹುಷಾರು. ಲೋಡ್ ಟ್ರ್ಯಾಕ್ಟರುಗಳು ಕತ್ತಲಲ್ಲೇ ಓಡಾಡುತ್ತವೆ, ಎಷ್ಟೋ ಗಾಡಿಗೆ ಹಿಂದೆ ಲೈಟೇ ಇರುವುದಿಲ್ಲ. ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿ, ಎದುರಿಂದ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಗಡೆ ಓಡಿ. ಹೈವೇ ಕಡೆ ಹೋಗಲೇಬೇಡಿ.

ಹೊಟ್ಟೆಗೂ ಅಭ್ಯಾಸ ಬೇಕು. ಸ್ನಾಯುಗಳಲ್ಲಿ, ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಅಂಶ ಬಹಳ ಜನಕ್ಕೆ 30ನೇ ಕಿಲೋಮೀಟರಿನ ಆಚೆ ಮುಗಿಯುತ್ತಾ ಬರುತ್ತದೆ, ಕಾಲು ಕಲ್ಲಾಗುವುದು ಅದಕ್ಕೇ. ಓಟಗಾರರು ಶಕ್ತಿಗೆ ಅಂತ ತಿನ್ನುವ ದುಬಾರಿ ಜೆಲ್ಲೇ ಬೇಕು ಅಂತೇನಿಲ್ಲ. ಬಾಳೆಹಣ್ಣು, ನಿಂಬೆಹಣ್ಣಿನ ಗಾತ್ರದ ಮಂಡ್ಯದ ಬೆಲ್ಲ, ಕಡಲೆಮಿಠಾಯಿ, ಯಾವುದು ಒಗ್ಗುತ್ತದೋ ಅದು. ಹಸಿವು ಕಾಯದೆ ಮುಕ್ಕಾಲು ಗಂಟೆಗೆ ಒಂದು ಸಲ ತಿನ್ನಿ. ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಆಗಬಹುದು. ಬಾಯಾರಿದಷ್ಟೇ ಕುಡಿಯಿರಿ, ನಡುನಡುವೆ ಓಆರ್‌ಎಸ್ ಇರಲಿ.

ಎಂಟನೇ ವಾರದಿಂದ ಹನ್ನೆರಡನೇ ವಾರದ ತನಕ ಇದೆಯಲ್ಲ, ಅದೇ ನಿಜವಾದ ಪರೀಕ್ಷೆ. ಶುರುವಿನ ಹುರುಪು ಇಳಿದಿರುತ್ತದೆ, ಓಟದ ದಿನ ಇನ್ನೂ ದೂರ. ಮಳೆ, ನೆಂಟರು, ಆಫೀಸಿನ ಒತ್ತಡ, ಎಲ್ಲ ಒಟ್ಟಿಗೇ ಬರುತ್ತದೆ. ಆಗ ಇನ್ನೊಮ್ಮೆ ಆ ಆಸ್ಪತ್ರೆಗೆ ಹೋಗಿ ಬನ್ನಿ. ದುಡ್ಡು ಕೊಟ್ಟವರಿಗೆ ಪ್ರತಿ ಭಾನುವಾರ ಒಂದೇ ಸಾಲು ಕಳಿಸಿ: ಇವತ್ತು ಇಷ್ಟು ಓಡಿದೆ. ಒಂದು ಭಾನುವಾರ ಸಾಲು ಬರಲಿಲ್ಲ ಅಂದರೆ ಯಾರಾದರೂ ಕೇಳುತ್ತಾರೆ, ಆ ಒಂದು ಪ್ರಶ್ನೆಯೇ ನಿಮ್ಮನ್ನು ಎಬ್ಬಿಸುತ್ತದೆ. ಓಟದ ದಿನ ಕೊನೆಯ 10 ಕಿಲೋಮೀಟರಿಗೆ ಹತ್ತು ಹೆಸರು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಒಂದೊಂದು ಕಿಲೋಮೀಟರ್ ಒಬ್ಬೊಬ್ಬರದ್ದು. 42 ಅಂತ ಯೋಚಿಸಿದರೆ ಕಾಲು ಕುಸಿಯುತ್ತದೆ. ಮುಂದಿನ ಲೈಟುಕಂಬದ ತನಕ, ಮುಂದಿನ ಹೆಸರಿನ ತನಕ ಅಂದುಕೊಂಡರೆ ಸಾಗುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎದೆನೋವು, ತಲೆಸುತ್ತು, ಮೂಳೆಯಲ್ಲಿ ಒಂದೇ ಕಡೆ ಚುಚ್ಚುವ ನೋವು ಬಂದರೆ ಅಲ್ಲೇ ನಿಲ್ಲಿಸಿ. ದುಡ್ಡು ಕೊಟ್ಟವರು ನಿಮ್ಮ ಜೀವವನ್ನು ಕೇಳಿಲ್ಲ. ಟೆರ್ರಿ ಫಾಕ್ಸ್ ಕೂಡ 143 ದಿನ, 5,373 ಕಿಲೋಮೀಟರ್ ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ನಿಲ್ಲಿಸಬೇಕಾಯಿತು. ನಿಂತ ಮೇಲೂ ದುಡ್ಡು ಬರುತ್ತಲೇ ಇತ್ತು. ಅವನು ಅಂದುಕೊಂಡಿದ್ದ ತಲೆಗೊಂದು ಡಾಲರಿನ ಲೆಕ್ಕ 1981ರಲ್ಲಿ, ಅವನು ಬದುಕಿದ್ದಾಗಲೇ ಮುಟ್ಟಿತು.

ಓಟ ಮುಗಿದ ಮೇಲೆ ಒಂದೆರಡು ವಾರ ಬರೀ ನಡಿಗೆ ಸಾಕು. ಆ ಬಿಡುವಿನಲ್ಲಿ ಲೆಕ್ಕದ ಕೆಲಸ ಮುಗಿಸಿ. ಒಟ್ಟು ಎಷ್ಟು ಬಂತು, ರಸೀದಿ ಯಾರಿಗೆ ಬಂದಿಲ್ಲ, ಯಾವ ಖರ್ಚಿಗೆ ಹೋಗುತ್ತದೆ, ಎಲ್ಲವನ್ನೂ ಕೊಟ್ಟವರಿಗೆ ತಿಳಿಸಿ, 100 ರೂಪಾಯಿ ಕೊಟ್ಟವರಿಗೂ. ಮೂರು ತಿಂಗಳು ಬಿಟ್ಟು ಸಂಸ್ಥೆಯವರನ್ನು ಕೇಳಿ, ಎಷ್ಟು ಜನರ ಬಸ್ ಖರ್ಚು ಅದರಲ್ಲಿ ನಡೆಯಿತು ಅಂತ ಇನ್ನೊಂದು ಸಲ ಬರೆದು ಕಳಿಸಿ.